ಬೇಲಿಗೂ ಮುಂಚೆ ಬಾಂದು ಕಲ್ಲು: ಹೊಲ-ತೋಟಕ್ಕೆ ಬೇಲಿ ಹಾಕುವವರು ತಿಳಿದಿರಬೇಕಾದ್ದು

ಜಮೀನಿಗೆ ಬೇಲಿ ಹಾಕಿಸಬೇಕು ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರೋದು ಎರಡೇ ಪ್ರಶ್ನೆ. ಮುಳ್ಳುತಂತಿ ಕೆಜಿಗೆ ಎಷ್ಟು, ಕಲ್ಲುಕಂಬ ಒಂದಕ್ಕೆ ಎಷ್ಟು. ಆ ಲೆಕ್ಕ ಆಮೇಲೆ ಹಾಕೋಣ. ಮೊದಲು ಒಂದು ಬೆಳಗ್ಗೆ ಜಮೀನಿನ ಸುತ್ತ ನಡೆದು, ನಿಮ್ಮ ಬಾಂದು ಕಲ್ಲುಗಳು, ಅಂದ್ರೆ ಗಡಿ ಗುರುತಿಗೆ ನೆಟ್ಟ ಕಲ್ಲುಗಳು, ಎಲ್ಲೆಲ್ಲಿವೆ ಅಂತ ನೋಡಿ ಬನ್ನಿ. ಎಷ್ಟೋ ಜಮೀನುಗಳಲ್ಲಿ ಒಂದೆರಡು ಕಲ್ಲು ಮಾತ್ರ ಉಳಿದಿರುತ್ತವೆ. ಒಂದು ಲಂಟಾನ ಪೊದೆಯೊಳಗೆ, ಇನ್ನೊಂದು ಟ್ರ್ಯಾಕ್ಟರ್ ಗಾಲಿಗೆ ಸಿಕ್ಕಿ ಓರೆಯಾಗಿ. ಉಳಿದವು ಯಾರದೋ ಕೊಟ್ಟಿಗೆಯ ಮೆಟ್ಟಿಲಾಗಿ ಹೋಗಿರುತ್ತವೆ.

ಇದನ್ನು ಮೊದಲು ಹೇಳೋದಕ್ಕೆ ಕಾರಣ ಇದೆ. ನಮ್ಮ ಹಳ್ಳಿಗಳಲ್ಲಿ ಬೇಲಿ ಜಗಳ ಅಂತ ಠಾಣೆ ಹತ್ತುವ ಬಹಳಷ್ಟು ಜಗಳಗಳು ನಿಜಕ್ಕೂ ಗಡಿಯ ಜಗಳಗಳು. ಗಡಿ ಎಲ್ಲಿ ಅಂತ ಗೊತ್ತಿಲ್ಲದೆ ಹಾಕಿದ ಬೇಲಿ ಎಷ್ಟೇ ಗಟ್ಟಿಯಾಗಿದ್ದರೂ ಅದು ಖರ್ಚಿನ ಜೊತೆಗೆ ತಂದುಕೊಂಡ ತಲೆನೋವು. ಗಡಿ ಗೊತ್ತಿದ್ದರೆ ಬರೀ ಕತ್ತಾಳೆ ಸಾಲು ನೆಟ್ಟರೂ ಸಾಕು, ಪಕ್ಕದವರು ಮಾತಾಡೋದಿಲ್ಲ.

ಕಾನೂನು ನಿಮ್ಮಿಂದ ಏನು ಕೇಳುತ್ತೆ

ನ್ಯೂಜಿಲೆಂಡ್, ಆಸ್ಟ್ರೇಲಿಯಾದಲ್ಲಿ ಇರುವ ನಮ್ಮವರು ಹೇಳೋದನ್ನು ನೀವು ಕೇಳಿರಬಹುದು. ಅಲ್ಲಿ ಇಬ್ಬರ ನಡುವಿನ ಬೇಲಿಗೇ ಬೇರೆ ಕಾಯಿದೆ ಇದೆ, ಸಾಮಾನ್ಯವಾಗಿ ಖರ್ಚು ಅರ್ಧರ್ಧ, ಒಬ್ಬರು ನೋಟಿಸ್ ಕೊಟ್ಟರೆ ಇನ್ನೊಬ್ಬರು ಸುಮ್ನೆ ಕೂರುವ ಹಾಗಿಲ್ಲ. ಕರ್ನಾಟಕದಲ್ಲಿ ಹಾಗಿಲ್ಲ. ಪಕ್ಕದ ಜಮೀನಿನವರು ಬೇಲಿಗೆ ಪಾಲು ಕೊಡಲೇಬೇಕು ಅಂತ ಒತ್ತಾಯ ಮಾಡುವ ಕಾಯಿದೆ ನಮ್ಮಲ್ಲಿಲ್ಲ. ನಿಮಗೆ ಬೇಲಿ ಬೇಕು, ನಿಮ್ಮ ಜಾಗದಲ್ಲಿ ಹಾಕಿಕೊಳ್ಳಿ, ನಿಮ್ಮ ದುಡ್ಡಲ್ಲಿ ಹಾಕಿಕೊಳ್ಳಿ. ಅವರು ಪಾಲು ಕೊಟ್ಟರೆ ಅದು ಅವರ ಒಳ್ಳೇತನ ಅಥವಾ ನೀವಿಬ್ಬರೂ ಮಾಡಿಕೊಂಡ ಒಪ್ಪಂದ.

ಹಾಗಂತ ಜಮೀನಿನ ಯಜಮಾನರಿಗೆ ಯಾವ ಹೊಣೆಯೂ ಇಲ್ಲ ಅಂತಲ್ಲ. ಕರ್ನಾಟಕ ಭೂಕಂದಾಯ ಕಾಯಿದೆ 1964ರ ಪ್ರಕಾರ ನಿಮ್ಮ ಹಿಡುವಳಿಯ ಗಡಿ ಗುರುತುಗಳನ್ನು ಚೆನ್ನಾಗಿ ಇಟ್ಟುಕೊಳ್ಳುವುದು ನಿಮ್ಮದೇ ಜವಾಬ್ದಾರಿ. ಕಲ್ಲು ಬಿದ್ದು ಹೋಗಿ, ಕಂದಾಯದವರು ಮತ್ತೆ ನೆಡಿಸಬೇಕಾಗಿ ಬಂದರೆ ಅದರ ಖರ್ಚನ್ನು ನಿಮ್ಮಿಂದಲೇ ವಸೂಲಿ ಮಾಡಬಹುದು. ಬೇಲಿ ಇರಲಿ ಬಿಡಲಿ, ಕಲ್ಲು ಇರಲೇಬೇಕು. ಸರ್ಕಾರಿ ನೌಕರರು ನೆಟ್ಟ ಗಡಿ ಗುರುತನ್ನು ಬೇಕಂತಲೇ ಕಿತ್ತರೆ, ಜರುಗಿಸಿದರೆ ಅದು ಅಪರಾಧ. ಮೊದಲು ಭಾರತೀಯ ದಂಡ ಸಂಹಿತೆಯಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಆಗಬಹುದು. ಉಳುಮೆಗೆ ಅಡ್ಡ ಆಗುತ್ತೆ ಅಂತ ಕಲ್ಲನ್ನು ಎತ್ತಿ ಬದಿಗೆ ಇಡೋ ಅಭ್ಯಾಸ ಇರುವವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಹೊಣೆ ಜಾನುವಾರು ಸಾಕಿದವರದ್ದು. ಬೇಲಿ ಹಾಕದ ಹೊಲಕ್ಕೆ ದನ ನುಗ್ಗಿದರೆ ತಪ್ಪು ಬೇಲಿ ಹಾಕದವರದ್ದು ಅಂತ ವಾದ ಮಾಡುವವರು ಎಲ್ಲ ಊರಲ್ಲೂ ಇರ್ತಾರೆ. ಕಾನೂನು ಅವರ ಪರವಾಗಿಲ್ಲ. ಇದರ ಬಗ್ಗೆ ಮುಂದೆ ಹೇಳ್ತೀನಿ.

ಕಾಗದ ಯಾವುದು ಬೇಕು

ಪಹಣಿ ಒಂದನ್ನೇ ಹಿಡಿದುಕೊಂಡು ಗಡಿ ಹೇಳೋಕಾಗಲ್ಲ. ಪಹಣಿ ಎಷ್ಟು ಎಕರೆ, ಎಷ್ಟು ಗುಂಟೆ, ಯಾರ ಹೆಸರಲ್ಲಿ, ಖರಾಬು (ಸಾಗುವಳಿಗೆ ಲೆಕ್ಕ ಹಿಡಿಯದ ಜಾಗ) ಎಷ್ಟು ಅಂತ ಹೇಳುತ್ತೆ. ಆಕಾರ ಹೇಳಲ್ಲ. ಆಕಾರ ಇರೋದು ಟಿಪ್ಪಣಿಯಲ್ಲಿ, ಅಂದ್ರೆ ಮೂಲ ಸರ್ವೆಯಲ್ಲಿ ಸರಪಳಿ ಹಿಡಿದು ಅಳೆದಾಗ ಬರೆದ ಕೈನಕ್ಷೆಯಲ್ಲಿ. ಅದರಲ್ಲಿ ಅಳತೆ ಸರಪಳಿ ಮತ್ತು ಆಣೆ ಲೆಕ್ಕದಲ್ಲಿರುತ್ತೆ. 33 ಅಡಿಗೆ ಒಂದು ಸರಪಳಿ, ಸರಪಳಿಗೆ 16 ಆಣೆ. 33 ಅಡಿ ಉದ್ದ 33 ಅಡಿ ಅಗಲ ಇದ್ದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಇಷ್ಟು ಗೊತ್ತಿದ್ದರೆ ಟಿಪ್ಪಣಿ ನೋಡಿ ನಿಮ್ಮ ಒಂದೊಂದು ಬದಿ ಸುಮಾರು ಎಷ್ಟು ಅಡಿ ಬರಬೇಕು ಅಂತ ನೀವೇ ಅಂದಾಜು ಮಾಡಬಹುದು. ಟಿಪ್ಪಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ತೋರಿಸುವ ದಾಖಲೆ), ಗ್ರಾಮ ನಕ್ಷೆ ಮೂರರ ನಕಲು ತೆಗೆಸಿಟ್ಟುಕೊಳ್ಳಿ. ಗ್ರಾಮ ನಕ್ಷೆ ಯಾಕೆ ಅಂದ್ರೆ ಅದರಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆ ಎಲ್ಲಾ ಕಾಣುತ್ತೆ. ನಿಮ್ಮ ಜಮೀನೊಳಗೆ ಹಾದು ಹೋಗುವ ದಾರಿ ನಕ್ಷೆಯಲ್ಲಿದ್ದರೆ ಅದರ ಮೇಲೆ ಬೇಲಿ ಎಳೆಯೋ ಹಾಗಿಲ್ಲ.

ಒಂದೇ ಸರ್ವೆ ನಂಬರಿನ ಪಹಣಿಯಲ್ಲಿ ಐದಾರು ಜನರ ಹೆಸರಿದ್ದು ಪೋಡಿ, ಅಂದ್ರೆ ಒಬ್ಬೊಬ್ಬರ ಪಾಲನ್ನು ಅಳೆದು ದಾಖಲೆಯಲ್ಲಿ ಬೇರೆ ಮಾಡೋದು, ಆಗಿಲ್ಲ ಅಂದ್ರೆ ಅಲ್ಲೇ ನಿಲ್ಲಿ. ನಿಮ್ಮ ಪಾಲಿಗೆ ದಾಖಲೆಯಲ್ಲಿ ಗಡಿಯೇ ಇಲ್ಲ. ಅಣ್ಣತಮ್ಮಂದಿರು ಬಾಯಿಮಾತಲ್ಲಿ ಹಂಚಿಕೊಂಡು, ಮಾವಿನ ಮರದಿಂದ ಬಾವಿ ತನಕ ನಂದು ಅಂತ ಇಪ್ಪತ್ತು ವರ್ಷದಿಂದ ಉತ್ತಿರಬಹುದು, ಆದರೆ ಭೂಮಾಪಕರು ಬಂದರೆ ಇಡೀ ಸರ್ವೆ ನಂಬರಿನ ಹೊರಗಡಿ ತೋರಿಸ್ತಾರೆ ಹೊರತು ನಿಮ್ಮ ಪಾಲಿನ ಒಳಗಡಿ ತೋರಿಸೋದಿಲ್ಲ. ಮೊದಲು ಪೋಡಿ ಮಾಡಿಸಿ, ಆಮೇಲೆ ಬೇಲಿ.

ಹದ್ದುಬಸ್ತು

ಗಡಿ ಗುರುತಿಸಿ ಕೊಡಿ ಅಂತ ಕೇಳುವ ಅರ್ಜಿಗೆ ಹದ್ದುಬಸ್ತು ಅರ್ಜಿ ಅಂತಾರೆ. ನಾಡಕಚೇರಿಯಲ್ಲಿ ಮೋಜಿಣಿ ಅನ್ನುವ ಸರ್ಕಾರಿ ಅಳತೆ ಅರ್ಜಿ ವ್ಯವಸ್ಥೆಯಡಿ ಶುಲ್ಕ ಕಟ್ಟಿ ಕೊಡಬಹುದು. ರಸೀದಿ ಮತ್ತು ಅರ್ಜಿ ನಂಬರ್ ಜೋಪಾನ. ಅಕ್ಕಪಕ್ಕದ ಖಾತೆದಾರರ ಹೆಸರು ಸರಿಯಾಗಿ ಬರೆಯಿರಿ, ಯಾಕಂದ್ರೆ ಅಳತೆಗೆ ಮುಂಚೆ ಅವರಿಗೆ ನೋಟಿಸ್ ಹೋಗಬೇಕು. ಪಹಣಿಯಲ್ಲಿ ಇನ್ನೂ ಅವರ ತೀರಿಹೋದ ಅಜ್ಜನ ಹೆಸರೇ ಇದ್ದರೆ ಈಗ ಉಳುಮೆ ಮಾಡ್ತಿರುವವರ ಹೆಸರನ್ನೂ ಸೇರಿಸಿ. ನೋಟಿಸ್ ಮುಟ್ಟದೆ ಆದ ಅಳತೆಯನ್ನು ನಾಳೆ ಅವರು ಪ್ರಶ್ನೆ ಮಾಡಿದರೆ ನಿಮ್ಮ ಶ್ರಮ ಎಲ್ಲಾ ನೀರಲ್ಲಿ ಹೋಮ.

ಅರ್ಜಿ ಯಾವಾಗ ಕೊಡಬೇಕು ಅನ್ನೋದೂ ಮುಖ್ಯ. ಬೆಳೆ ನಿಂತಿರುವಾಗ ಅಳತೆ ಸರಿಯಾಗಿ ಆಗಲ್ಲ. ಕಟಾವು ಮುಗಿದು ಮಳೆ ಶುರುವಾಗುವ ಮುಂಚಿನ ತಿಂಗಳುಗಳು ಒಳ್ಳೆಯವು. ಅರ್ಜಿ ಸರದಿಯಲ್ಲಿ ಬರುವಷ್ಟರಲ್ಲಿ ಸಮಯ ಹೋಗುತ್ತೆ, ಅದಕ್ಕೆ ಸುಗ್ಗಿಗೆ ಮುಂಚೆಯೇ ಕೊಟ್ಟುಬಿಡಿ.

ಅಳತೆ ದಿನ ನೀವು ಖುದ್ದಾಗಿ ಇರಲೇಬೇಕು. ಬೆಂಗಳೂರಲ್ಲಿ ಕೆಲಸ, ಊರಲ್ಲಿ ಚಿಕ್ಕಪ್ಪ ನೋಡ್ಕೊಳ್ತಾರೆ ಅಂತ ಬಿಡಬೇಡಿ. ಹಿಂದಿನ ದಿನವೇ ಗಡಿಗುಂಟ ಗಿಡಗಂಟಿ ಸವರಿಸಿಡಿ. ಹಾರೆ, ಗುದ್ದಲಿ, ಸುಣ್ಣದ ಪುಡಿ, ಗೂಟ, ಕಾಣುವ ಹಾಗೆ ಬಣ್ಣದ ಹಗ್ಗ, ನೆಡಲು ಕಲ್ಲು, ಇಬ್ಬರು ಆಳು, ಇಷ್ಟು ತಯಾರಿರಲಿ. ಭೂಮಾಪಕರು ಮೊದಲು ಅನುಮಾನ ಇಲ್ಲದ ಹಳೇ ಗುರುತು ಹುಡುಕ್ತಾರೆ, ಹೆಚ್ಚಾಗಿ ಮೂರು ಸರ್ವೆ ನಂಬರ್ ಕೂಡುವ ಕಡೆಯ ಕಲ್ಲು. ಅಲ್ಲಿಂದ ಅಳೆಯುತ್ತಾ ಬರ್ತಾರೆ. ಈಗ ಹಲವು ತಾಲ್ಲೂಕುಗಳಲ್ಲಿ ಸರಪಳಿ ಬದಲು ಉಪಗ್ರಹದ ಸಹಾಯದಿಂದ ಅಳೆಯುವ ರೋವರ್ ಯಂತ್ರ ಬಂದಿದೆ, ಆದರೂ ಟಿಪ್ಪಣಿಗೆ ತಾಳೆ ನೋಡೋದು ತಪ್ಪಿಲ್ಲ. ಅವರು ಒಂದು ಮೂಲೆಯಲ್ಲಿ ಸುಣ್ಣದ ಗುರುತು ಹಾಕಿದ ಕೂಡಲೇ ಪಕ್ಕದವರ ಎದುರಲ್ಲೇ ಗುಂಡಿ ತೆಗೆಸಿ ಕಲ್ಲು ನೆಡಿಸಿ. ನಾಳೆ ನೆಟ್ಟರಾಯ್ತು ಅಂತ ಬಿಟ್ಟರೆ ರಾತ್ರಿ ಮಳೆಗೋ ಯಾರದೋ ಕಾಲಿಗೋ ಸುಣ್ಣ ಅಳಿಸಿ ಹೋಗುತ್ತೆ.

ಕಲ್ಲು ನೆಡುವ ಬಗೆ ಇಷ್ಟು. ಎರಡಡಿ ಆಳ ತೆಗೆಯಿರಿ. ತಳಕ್ಕೆ ಒಂದು ಬೊಗಸೆ ಇದ್ದಿಲು, ನಾಲ್ಕಾರು ಹೆಂಚಿನ ಚೂರು ಹಾಕಿ. ಅದರ ಮೇಲೆ ಕಲ್ಲು ನಿಲ್ಲಿಸಿ, ಸುತ್ತ ಜಲ್ಲಿ ತುಂಬಿ ಹಾರೆಯ ಹಿಂಬದಿಯಿಂದ ಜಡಿಯಿರಿ. ಇದ್ದಿಲು ಕೊಳೆಯೋದಿಲ್ಲ. ಮುಂದೊಂದು ದಿನ ಯಾರಾದರೂ ಕಲ್ಲು ಕಿತ್ತುಕೊಂಡು ಹೋದರೂ ಅದೇ ಜಾಗ ಅಗೆದಾಗ ಕಪ್ಪು ಇದ್ದಿಲು, ಕೆಂಪು ಹೆಂಚು ಸಿಗುತ್ತೆ. ಕಲ್ಲಿನ ಫೋಟೊ ತೆಗೆಯುವಾಗ ಹಿಂದೆ ಇರುವ ಮರ, ಬಾವಿ, ಮನೆ ಕಾಣುವ ಹಾಗೆ ತೆಗೆಯಿರಿ, ಬರೀ ಕಲ್ಲಿನ ಫೋಟೊ ಯಾವುದಕ್ಕೂ ಬರಲ್ಲ. ಹಾಜರಿದ್ದವರ ಸಹಿ ಇರುವ ಮಹಜರು ಮತ್ತು ಹದ್ದುಬಸ್ತು ನಕ್ಷೆಯ ನಕಲು ತೆಗೆದುಕೊಳ್ಳಿ. ಪಕ್ಕದವರು ಸಹಿ ಮಾಡಲ್ಲ ಅಂದ್ರೆ ಗಾಬರಿ ಬೇಡ, ನಿರಾಕರಿಸಿದರು ಅಂತ ಮಹಜರಿನಲ್ಲಿ ಬರೆಯಲಿ.

ಬೇಲಿಯ ಗೆರೆ ಎಲ್ಲಿ ಎಳೆಯಬೇಕು

ಕಲ್ಲಿನಿಂದ ಕಲ್ಲಿಗೆ ನೇರ ಗೆರೆ ಮೇಲೇ ಕಂಬ ನೆಟ್ಟರೆ ಕಂಬದ ಅರ್ಧ ಪಕ್ಕದವರ ಜಾಗದಲ್ಲಿರುತ್ತೆ. ತಂತಿ ಬೇಲಿಯಾದರೆ ಒಂದಡಿ ಒಳಗೆ ಬನ್ನಿ. ಜೀವಂತ ಬೇಲಿಯಾದರೆ, ಅಂದ್ರೆ ಗೊಬ್ಬರದ ಗಿಡ, ಲಕ್ಕಿ, ದಾಸವಾಳ, ಕತ್ತಾಳೆ, ಕಳ್ಳಿ ಇಂಥವು, ಎರಡು ಮೂರಡಿ ಒಳಗೆ ನೆಡಿ. ಗಿಡ ಅಗಲ ಆಗುತ್ತೆ, ವರ್ಷಕ್ಕೊಮ್ಮೆ ಸವರುವಾಗ ಆಚೆ ಬದಿಗೆ ಹೋಗಿ ನಿಲ್ಲೋಕೆ ನಿಮ್ಮದೇ ಜಾಗ ಬೇಕಲ್ವಾ. ಮಲೆನಾಡಲ್ಲಿ ಬೇಲಿ ಬದಲು ಅಗಳು, ಅಂದ್ರೆ ಆಳದ ಕಂದಕ, ತೋಡುವವರು ಇನ್ನೂ ಹುಷಾರಾಗಿರಬೇಕು. ಗಡಿಗೆ ಅಂಟಿಕೊಂಡು ಐದಡಿ ಆಳ ತೋಡಿದರೆ ಮೊದಲ ಮಳೆಗೇ ಪಕ್ಕದವರ ದರೆ ಕುಸಿಯುತ್ತೆ, ಅದಕ್ಕೆ ನೀವೇ ಹೊಣೆ. ಎಷ್ಟು ಆಳವೋ ಕನಿಷ್ಠ ಅಷ್ಟು ದೂರ ಬಿಡಿ ಅನ್ನೋದು ನನ್ನ ಸಲಹೆ.

ಒಳಗೆ ಬಂದು ಬೇಲಿ ಹಾಕಿದಾಗ ಆಚೆ ಉಳಿಯುವ ಪಟ್ಟಿ ನಿಮ್ಮ ಕೈತಪ್ಪಬಹುದು ಅನ್ನೋ ಭಯ ಸಹಜ. ಆ ಭಯ ಸುಳ್ಳೂ ಅಲ್ಲ. ಆ ಪಟ್ಟಿಯನ್ನು ಪಕ್ಕದವರು ಇದು ನಮ್ಮದೇ ಅಂತ ಬಹಿರಂಗವಾಗಿ, ನೀವು ಸುಮ್ಮನಿದ್ದಾಗ, 12 ವರ್ಷ ಬಿಡದೆ ಅನುಭವಿಸಿದರೆ ಹಕ್ಕು ಕೇಳುವ ದಾರಿ 1963ರ ಕಾಲಮಿತಿ ಕಾಯಿದೆಯಲ್ಲಿದೆ. ಅದಕ್ಕೇ ಹೇಳೋದು, ಬಾಂದು ಕಲ್ಲು ಬೇಲಿಯ ಆಚೆ ಎದ್ದು ಕಾಣುವ ಹಾಗಿರಲಿ, ಆ ಪಟ್ಟಿಯ ಹುಲ್ಲು ನೀವೇ ಕೊಯ್ಯಿರಿ.

ಮೂರು ಕಡೆ ಬೇಲಿ ಹಾಕಲೇಬಾರದು. ಒಂದು, ಬಿ ಖರಾಬು. ಅದು ನಿಮ್ಮ ಸರ್ವೆ ನಂಬರಿನೊಳಗೇ ಇದ್ದರೂ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಎರಡು, ಗೋಮಾಳ ಮತ್ತು ಕೆರೆ ಅಂಗಳ. ಸರ್ಕಾರಿ ಜಮೀನು ಒತ್ತುವರಿಗೆ ಭೂಕಂದಾಯ ಕಾಯಿದೆಯಲ್ಲೇ ಜೈಲು ಶಿಕ್ಷೆ ಇದೆ. ಮೂರು, ಅರಣ್ಯದ ಅಂಚು. ಅಲ್ಲಿ ಅರಣ್ಯ ಇಲಾಖೆ ಮತ್ತು ಕಂದಾಯ ಇಲಾಖೆ ಇಬ್ಬರೂ ಸೇರಿ ಅಳೆಯುವ ಜಂಟಿ ಸರ್ವೆ ಆಗುವ ತನಕ ಕಾಯಿರಿ. ದಕ್ಷಿಣ ಕನ್ನಡ, ಉಡುಪಿಯವರಿಗೆ ಕುಮ್ಕಿ, ಉತ್ತರ ಕನ್ನಡದವರಿಗೆ ಸೊಪ್ಪಿನ ಬೆಟ್ಟ ಗೊತ್ತೇ ಇದೆ, ಎರಡೂ ರೈತರ ಅನುಕೂಲಕ್ಕೆ ಬಿಟ್ಟ ಸರ್ಕಾರದ ಜಾಗ. ಅಲ್ಲಿ ಸೊಪ್ಪು ತರುವಂಥ ಸೌಲಭ್ಯ ಇರಬಹುದು, ಬೇಲಿ ಹಾಕಿದ ಮಾತ್ರಕ್ಕೆ ಅದು ನಿಮ್ಮ ಹೆಸರಿನ ಪಟ್ಟಾ ಜಮೀನು ಆಗೋದಿಲ್ಲ.

ದಾರಿ ಮತ್ತು ನೀರಿನ ವಿಷಯಕ್ಕೆ ಬಂದರೆ 1882ರ ಅನುಭೋಗದ ಹಕ್ಕುಗಳ ಕಾಯಿದೆ ಇವತ್ತಿಗೂ ಜೀವಂತ. ಹಿಂದಿನ ಹೊಲದವರು ನಿಮ್ಮ ಬದುವಿನ ಮೇಲೆ 20 ವರ್ಷ ಅಡ್ಡಿಯಿಲ್ಲದೆ ಹಕ್ಕಿನಿಂದ ಓಡಾಡಿದ್ದರೆ, ಅಥವಾ ಮೊದಲು ಒಂದೇ ಆಗಿದ್ದ ಜಮೀನು ಭಾಗವಾದಾಗ ಅವರ ಪಾಲಿಗೆ ಬೇರೆ ದಾರಿಯೇ ಉಳಿಯದೆ ಹೋಗಿದ್ದರೆ, ಅವರು ದಾರಿ ಕೇಳಬಹುದು. ಅಂಥ ಕಡೆ ಗೇಟು ಇಡಿ, ಇಲ್ಲಾ ಒಂದು ಉಣಗೋಲು (ಅಡ್ಡ ಗಳು ಸರಿಸಿ ದಾಟುವ ಬಾಗಿಲು) ಇಡಿ, ಜನ ದಾಟಲಿ, ದನ ನಿಲ್ಲಲಿ. ನೀರೂ ಹಾಗೆಯೇ. ಮೇಲಿನ ಜಮೀನಿನಿಂದ ಸಹಜವಾಗಿ ಇಳಿದು ಬರುವ ನೀರನ್ನು ಕಾಂಪೌಂಡ್ ಗೋಡೆ ಕಟ್ಟಿ ತಡೆಯೋ ಹಾಗಿಲ್ಲ. ಗೋಡೆಯೇ ಬೇಕು ಅಂದ್ರೆ ತಳದಲ್ಲಿ ನೀರು ಹೋಗೋಕೆ ಪೈಪು ಅಥವಾ ಕಿಂಡಿ ಬಿಡಿ.

ಇಬ್ಬರೂ ಸೇರಿ ಹಾಕುವುದಾದರೆ

ಇದು ಎಲ್ಲಕ್ಕಿಂತ ಒಳ್ಳೆಯದು, ಖರ್ಚೂ ಕಮ್ಮಿ. ಒಂದು ಲೆಕ್ಕ ನೋಡಿ. ಚೌಕಾಕಾರದ ಒಂದು ಎಕರೆಗೆ ಒಂದೊಂದು ಬದಿ ಸುಮಾರು 209 ಅಡಿ, ಸುತ್ತಳತೆ ಸುಮಾರು 835 ಅಡಿ. ಎಂಟಡಿಗೊಂದು ಕಂಬ ಅಂದ್ರೆ ನೂರಕ್ಕಿಂತ ಸ್ವಲ್ಪ ಜಾಸ್ತಿ ಕಂಬ, ಐದು ಎಳೆ ತಂತಿಗೆ 4,200 ಅಡಿ ಹತ್ತಿರ ತಂತಿ, ಇದರ ಮೇಲೆ ಮೂಲೆಗಳಿಗೆ ಆನಿಕೆ ಕಂಬ, ಗೇಟು. ಇದರಲ್ಲಿ ಒಂದು ಬದಿ ಪಾಲಾದರೂ ಕೈಗೆ ಎಷ್ಟು ಉಳಿಯುತ್ತೆ ಯೋಚಿಸಿ.

ಮಾತಾಡೋಕೆ ಹೋಗುವಾಗ ವಕೀಲರನ್ನು ಕರಕೊಂಡು ಹೋಗಬೇಡಿ. "ಅಣ್ಣಾ, ಬೇಲಿ ಹಾಕಿಸ್ಬೇಕು ಅಂತಿದೀನಿ, ಒಂದ್ಸಲ ಬಂದು ಕಲ್ಲು ನೋಡಿ, ನಿಮಗೂ ಸರಿ ಅನ್ನಿಸಿದ್ರೆ ಜೊತೆಗೇ ಹಾಕೋಣ" ಅಂದ್ರೆ ಸಾಕು. ಆದರೆ ಒಪ್ಪಿದ್ದನ್ನು ಛಾಪಾ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿ ಹಾಕಿಸಿ. ಯಾವ ಕಲ್ಲಿನಿಂದ ಯಾವ ಕಲ್ಲಿಗೆ, ಯಾರು ಎಷ್ಟು ಕೊಟ್ಟರು, ಯಾವ ಭಾಗದ ರಿಪೇರಿ ಯಾರದ್ದು, ಬಳ್ಳಿ ಸವರೋದು ಯಾರು. ಜೊತೆಗೆ ಒಂದು ಸಾಲು ಮರೆಯದೆ ಬರೆಯಿರಿ: ಈ ಬೇಲಿ ಅನುಕೂಲಕ್ಕೆ ಹಾಕಿದ್ದು, ನಿಜವಾದ ಗಡಿ ಹದ್ದುಬಸ್ತು ನಕ್ಷೆಯಲ್ಲಿರುವಂತೆ. ಮುಂದೆ ಹಕ್ಕಿನ ಪ್ರಶ್ನೆ ಬಂದಾಗ ಈ ಒಂದು ಸಾಲು ಇಬ್ಬರನ್ನೂ ಕಾಯುತ್ತೆ. ಜಮೀನು ಮಾರಾಟವಾದರೆ ಹೊಸಬರಿಗೆ ಈ ಕಾಗದ ತಾನಾಗಿಯೇ ಅನ್ವಯ ಆಗುತ್ತೆ ಅಂತ ನಂಬಿ ಕೂರಬೇಡಿ, ಅವರ ಜೊತೆ ಮತ್ತೆ ಮಾತಾಡಿ.

ಬದುವಿನ ಮೇಲಿನ ಮರ ಯಾರದ್ದು ಅನ್ನೋದನ್ನೂ ಆಗಲೇ ಬರೆದುಕೊಳ್ಳಿ. ಬೇಲಿಗೆ ಅಡ್ಡ ಅಂತ ಕಡಿಯೋ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಉಳಿದವಕ್ಕೆ ಅನುಮತಿ ಬೇಕು.

ದನ ನುಗ್ಗಿದರೆ

1966ರ ಕರ್ನಾಟಕ ಜಾನುವಾರು ಅತಿಕ್ರಮ ಪ್ರವೇಶ ಕಾಯಿದೆ ಪ್ರಕಾರ ಬೆಳೆ ಹಾಳು ಮಾಡುತ್ತಿರುವ ದನವನ್ನು ಹಿಡಿದು, ತಡಮಾಡದೆ ದೊಡ್ಡಿಗೆ, ಅಂದ್ರೆ ಹಿಡಿದ ದನ ಕೂಡಿಹಾಕುವ ಊರಿನ ಜಾಗಕ್ಕೆ, ಹೊಡೆದುಕೊಂಡು ಹೋಗಬಹುದು. ಯಜಮಾನರು ದಂಡ, ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು. ಈಗ ಎಷ್ಟೋ ಊರಲ್ಲಿ ದೊಡ್ಡಿಯೇ ಇಲ್ಲ. ಹಾಗಿದ್ದರೆ ಗ್ರಾಮ ಪಂಚಾಯಿತಿಗೆ ಲಿಖಿತ ದೂರು ಕೊಡಿ, ಬೆಳೆ ಹಾಳಾದ ಫೋಟೊ ತೆಗೆಯಿರಿ, ಊರಿನ ಇಬ್ಬರನ್ನು ಕರೆದು ತೋರಿಸಿ. ದನವನ್ನು ನಿಮ್ಮ ಕೊಟ್ಟಿಗೆಯಲ್ಲಿ ದಿನಗಟ್ಟಲೆ ಕಟ್ಟಿಹಾಕಬೇಡಿ. ಸಿಟ್ಟಿಗೆ ಕಾಲು ಮುರಿಯೋದು, ವಿಷ ಇಡೋದು ಮಾಡಿದರೆ ಕಥೆ ತಿರುಗಿಬೀಳುತ್ತೆ: ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ ಆಗಬಹುದು. ಬಾಯಿಲ್ಲದ ಪ್ರಾಣಿ ಅದು, ಬಿಟ್ಟವರದ್ದು ತಪ್ಪು.

ಕರೆಂಟು ಮತ್ತು ಉರುಳು

ದಯವಿಟ್ಟು ಈ ಭಾಗವನ್ನು ಬಿಡದೆ ಓದಿ. ಪಂಪ್‌ಸೆಟ್ ಲೈನಿನಿಂದ, ಮನೆ ಲೈನಿನಿಂದ ಬೇಲಿಗೆ ನೇರವಾಗಿ ಕರೆಂಟು ಕೊಡಬೇಡಿ. ಹಂದಿ ಬರುತ್ತೆ, ಆನೆ ಬರುತ್ತೆ, ವರ್ಷದ ಬೆಳೆ ಒಂದೇ ರಾತ್ರಿಗೆ ಹೋಗುತ್ತೆ, ಆ ಸಂಕಟ ನನಗೆ ಅರ್ಥವಾಗುತ್ತೆ. ಆದರೆ ಆ ತಂತಿಗೆ ಸಿಕ್ಕಿ ಸಾಯುವವರಲ್ಲಿ ಬೆಳಗಿನ ಜಾವ ನೀರು ಬಿಡಲು ಹೋದ ಮನೆಯವರೇ ಇರ್ತಾರೆ. ನರಹತ್ಯೆಯ ಕೇಸು, ವಿದ್ಯುತ್ ಕಳ್ಳತನದ ಕೇಸು ಎರಡೂ ಬೀಳುತ್ತವೆ. ಆನೆ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಮೂರರಿಂದ ಏಳು ವರ್ಷ ಜೈಲು. ಹಂದಿಗೆ ಅಂತ ಬೇಲಿಯ ಕಿಂಡಿಯಲ್ಲಿ ಕಟ್ಟುವ ಉರುಳಿಗೂ ಇದೇ ಮಾತು. ಕಾಫಿ ತೋಟಗಳ ಬೇಲಿಯಲ್ಲಿ ಉರುಳಿಗೆ ಸೊಂಟ ಸಿಕ್ಕಿಸಿಕೊಂಡ ಚಿರತೆಗಳ ಸುದ್ದಿ ಮತ್ತೆ ಮತ್ತೆ ಬರ್ತಾನೇ ಇದೆ.

ಬೇಕಾದ್ದು ಸೋಲಾರ್ ಬೇಲಿ. ಅದರ ಎನರ್ಜೈಸರ್ ಪೆಟ್ಟಿಗೆ ವೋಲ್ಟೇಜ್ ಜಾಸ್ತಿ ಕೊಟ್ಟರೂ ಕ್ಷಣಮಾತ್ರದ ಹೊಡೆತವಾಗಿ, ಸುಮಾರು ಸೆಕೆಂಡಿಗೊಂದರಂತೆ ಬಿಡುತ್ತೆ. ಪ್ರಾಣಿ ಬೆಚ್ಚಿ ಹಿಂದೆ ಹೋಗುತ್ತೆ, ಅಂಟಿಕೊಂಡು ಸಾಯೋದಿಲ್ಲ. ಪ್ರಮಾಣಿತ ಪೆಟ್ಟಿಗೆಯನ್ನೇ ಕೊಳ್ಳಿ, ಅರ್ಥಿಂಗ್ ಸರಿ ಮಾಡಿಸಿ, ಎಚ್ಚರಿಕೆ ಫಲಕ ಹಾಕಿ. ಮುಳ್ಳುತಂತಿಗೆ ಸೋಲಾರ್ ಹೊಡೆತವನ್ನೂ ಕೊಡಬಾರದು, ಬಟ್ಟೆಯೋ ಚರ್ಮವೋ ಸಿಕ್ಕಿಕೊಂಡರೆ ಬಿಡಿಸಿಕೊಳ್ಳೋಕಾಗಲ್ಲ. ನುಣುಪು ತಂತಿಯೇ ಬೇಕು. ತಂತಿಗೆ ಹುಲ್ಲು, ಬಳ್ಳಿ ತಾಗಿದರೆ ಹೊಡೆತ ನೆಲಕ್ಕೆ ಹರಿದು ಬೇಲಿ ಸತ್ತ ಹಾಗೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಬುಡ ಸವರಬೇಕು. ಕಾಡಂಚಿನವರು ವಲಯ ಅರಣ್ಯ ಕಚೇರಿಯಲ್ಲಿ ಸಹಾಯಧನ ಇದೆಯಾ ಅಂತ ಮೊದಲು ಕೇಳಿ, ಕೊಂಡ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಮಾತು ಮುರಿದು ಬಿದ್ದರೆ

ಅಳತೆ ಒಪ್ಪಿಗೆ ಇಲ್ಲದಿದ್ದರೆ ಭೂದಾಖಲೆಗಳ ಇಲಾಖೆಯಲ್ಲೇ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಒಂದು ವಿಷಯ ಹಲವರಿಗೆ ಗೊತ್ತಿಲ್ಲ: ಭೂಮಾಪಕರು ಗಡಿ ತೋರಿಸಬಹುದು, ಒತ್ತಿಕೊಂಡವರನ್ನು ಎಬ್ಬಿಸಲಾರರು. ಪಕ್ಕದವರು ಬಿಡಲ್ಲ ಅಂದ್ರೆ ಸಿವಿಲ್ ಕೋರ್ಟಿಗೇ ಹೋಗಬೇಕು. ನೀವಾಗಿಯೇ ರಾತ್ರಿ ಹೋಗಿ ಅವರ ಬೇಲಿ ಕಿತ್ತರೆ ದೂರು ಕೊಡಬೇಕಾದ ನೀವೇ ಆರೋಪಿ ಆಗ್ತೀರಿ. ನಿಮ್ಮ ಸ್ವಾಧೀನದಲ್ಲಿದ್ದ ಜಾಗದಿಂದ ಬಲವಂತವಾಗಿ ಹೊರಗೆ ಹಾಕಿದ್ದರೆ ಆರು ತಿಂಗಳೊಳಗೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಡಿ ದಾವೆ ಹಾಕಿ. ಆಗ ಹಕ್ಕುಪತ್ರದ ವಾದಕ್ಕೆ ಇಳಿಯದೆ ಸ್ವಾಧೀನ ವಾಪಸ್ ಕೇಳಬಹುದು. ತಡವಾದರೆ ಆ ಹತ್ತಿರದ ದಾರಿ ಮುಚ್ಚಿ, ಹಕ್ಕನ್ನೇ ಸಾಬೀತು ಮಾಡುವ ಉದ್ದದ ದಾವೆ ಉಳಿಯುತ್ತೆ.

ಕೋರ್ಟಿಗೆ ಮುಂಚೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ನೋಡಿ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುತ್ತೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಆದಾಯ ಕಮ್ಮಿ ಇರುವವರಿಗೆ ವಕೀಲರನ್ನು ಉಚಿತವಾಗಿ ಕೊಡ್ತಾರೆ, ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸ್ತಾರೆ. ಫೋನ್ ನಂಬರ್ 15100. ಹೋಗುವಾಗ ಟಿಪ್ಪಣಿ, ಹದ್ದುಬಸ್ತು ನಕ್ಷೆ, ಮಹಜರು, ಕಲ್ಲಿನ ಫೋಟೊಗಳನ್ನು ಒಂದೇ ಫೈಲಿನಲ್ಲಿ ಹಾಕಿಕೊಂಡು ಹೋಗಿ.